ಸೋಂಪಿಲ್ಲದ ಒಂಬತ್ತು ದಿನ

ಆ ಆಸ್ಪತ್ರೆಯ ಅಡುಗೆಯವರು ಸೋಂಪು ಹುರಿಯುವಾಗ ಬಾಣಲೆಯನ್ನು ನೋಡುತ್ತಿರಲಿಲ್ಲ. ತಲೆ ಓರೆ ಮಾಡಿ, ಎಡಗಿವಿಯನ್ನು ಅದರತ್ತ ಬಾಗಿಸಿ, ಪಕ್ಕದ ಮನೆಯ ಜಗಳ ಕೇಳುವವರ ಏಕಾಗ್ರತೆಯಿಂದ ಆಲಿಸುತ್ತಿದ್ದರು. ಕಾಳು ಮೊದಮೊದಲು ಸುಮ್ಮನಿರುತ್ತದೆ, ಆಮೇಲೆ ಸಣ್ಣಗೆ ಚಿಟಿಚಿಟಿ ಎನ್ನುತ್ತದೆ. ಆ ಸದ್ದು ದಟ್ಟವಾಗುವ ಮುನ್ನವೇ ಇಳಿಸಬೇಕು, ಒಂದು ಕ್ಷಣ ಮೀರಿದರೂ ಅದರ ಸಿಹಿಯೆಲ್ಲ ಕಹಿಯಾಗಿ ಇಡೀ ಹಂಡೆ ಕೆಡುತ್ತದೆ ಎಂಬುದು ಅವರ ಸಿದ್ಧಾಂತ. ಆ ಹೊತ್ತಿನಲ್ಲಿ ಯಾರಾದರೂ ಸೌಟು ಸದ್ದು ಮಾಡಿದರೆ ಅವರ ಗತಿ ಮುಗಿಯಿತು.

ಇಪ್ಪತ್ತಾರು ವರ್ಷ ಹಂಡೆ ಹೊತ್ತು ಅವರ ಬಲಭುಜ ಇಳಿದುಹೋಗಿತ್ತು. ಬರಿಗೈಯಲ್ಲಿ ನಡೆಯುವಾಗಲೂ ತುಂಬಿದ ಬಕೆಟ್ಟು ಹಿಡಿದವರಂತೆ ಒಂದು ಪಕ್ಕಕ್ಕೆ ವಾಲುತ್ತಿದ್ದರು. ಬೇಸಿಗೆ, ಚಳಿ ಎನ್ನದೆ ಮೈಮೇಲೆ ಅದೇ ಬೂದು ಕೋಟು, ಅದರ ಜೇಬಿನ ತುಂಬ ಸೋಂಪು. ಒಗೆಯಲು ಹಾಕಿದರೆ ವೈದ್ಯರ ಬಿಳಿ ಕೋಟುಗಳಿಗೂ ಆ ಪರಿಮಳ ಅಂಟುತ್ತದೆಂದು ಲಾಂಡ್ರಿಯವರ ನಿತ್ಯದ ದೂರು. ಮಾತೆಲ್ಲ ‘ಅದಿರ್ಲಿ’ ಎಂದೇ ಆರಂಭವಾಗುತ್ತಿತ್ತು. ಇನ್ನೂ ಏನನ್ನೂ ಹೇಳದವರು ಯಾವುದನ್ನು ಅಲ್ಲಿಗೆ ಬಿಡುತ್ತಿದ್ದಾರೆಂದು ತಿಳಿಯದೆ, ಜನ ಅವರನ್ನು ‘ಅದಿರ್ಲಿ ಅಣ್ಣ’ ಎಂದೇ ಕರೆದುಬಿಟ್ಟರು.

ಉಪ್ಪು ಕಡಿಮೆ, ಖಾರ ವರ್ಜ್ಯ ಎಂದಿರುವ ರೋಗಿಗಳ ತರಕಾರಿ ಗಂಜಿಗೆ ಆ ಹುರಿದ ಸೋಂಪಿನ ಪುಡಿಯೇ ಜೀವ. ಇನ್ನೂರೈವತ್ತು ಜನಕ್ಕೂ ಒಂದೇ ಹಂಡೆ, ಒಂದೇ ರುಚಿ. ತಮ್ಮ ಮಾವನಿಗೆ ಸ್ವಲ್ಪ ಬೇರೆಯಾಗಿ ಮಾಡಿಕೊಡಿ ಎಂದ ದೊಡ್ಡ ಡಾಕ್ಟರ ಕೈಗೇ ಸೌಟು ಕೊಟ್ಟು, ಹೊರಗೆ ಹೋಗಿ ನಿಂತ ಆಸಾಮಿ ಅವರು. ವಾರ್ಡಿನೊಳಗೆ ಒಮ್ಮೆಯೂ ಕಾಲಿಟ್ಟವರಲ್ಲ. ಉಣ್ಣುವವರ ಮುಖ ನೋಡಿದರೆ ಕೈಯ ಅಳತೆ ತಪ್ಪುತ್ತದೆಂಬುದು ಅವರು ಕೊಡುತ್ತಿದ್ದ ಕಾರಣ.

ಹೀಗಿರುವಾಗ ಅವರ ಅಕ್ಕ ಹೊಟ್ಟೆಯ ಶಸ್ತ್ರಚಿಕಿತ್ಸೆಗೆಂದು ಅದೇ ಆಸ್ಪತ್ರೆ ಸೇರಿದರು. ತಾಯಿಯಿಲ್ಲದ ತಮ್ಮನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದಾಕೆ. ಬಾಲ್ಯದಲ್ಲಿ ಕುಡಿದ ಯಾವುದೋ ಔಷಧಿಗೆ ಸೋಂಪಿನ ವಾಸನೆಯಿತ್ತಂತೆ; ಅಂದಿನಿಂದ ಆ ಹೆಸರೆತ್ತಿದರೆ ಆಕೆಗೆ ವಾಕರಿಕೆ. ಚಿಕಿತ್ಸೆಯ ನಂತರ ಮೂರು ದಿನ ಗಂಜಿಯ ಬಟ್ಟಲು ಹೋದ ಹಾಗೇ ಮರಳಿತು. ಹೊಟ್ಟೆಗೆ ಏನಾದರೂ ಇಳಿಯದಿದ್ದರೆ ಗಾಯ ಮಾಯುವುದಿಲ್ಲ, ಜೀವಕ್ಕೇ ಸಂಚಕಾರ ಎಂದು ಡಾಕ್ಟರು ಹೇಳಿಬಿಟ್ಟರು. ಒಂದು ಚಿಕ್ಕ ಪಾತ್ರೆ ಒಲೆಗಿಟ್ಟಿದ್ದರೆ ಮುಗಿಯುತ್ತಿತ್ತು. ನಮ್ಮ ‘ಅದಿರ್ಲಿ ಅಣ್ಣ’ ಇಡೀ ಹಂಡೆಗೇ ಸೋಂಪು ಹಾಕುವುದನ್ನು ನಿಲ್ಲಿಸಿದರು.

ಅಕ್ಕ ನಾಲ್ಕು ಚಮಚ ಕುಡಿದರು, ಮರುದಿನ ಆರು. ತಮ್ಮ ತನಗೆಂದೇ ಬೇರೆ ಮಾಡುತ್ತಿದ್ದಾನೆಂದು ಒಳಗೊಳಗೇ ಹಿಗ್ಗಿದರು. ಉಳಿದವರೆಲ್ಲ ಗಂಜಿ ಮಣ್ಣು ತಿಂದ ಹಾಗಿದೆ ಎಂದು ಗೊಣಗತೊಡಗಿದರು. ಮೇಟ್ರನ್ ಅಡುಗೆಮನೆಗೆ ಇಳಿದು ಬಂದು, ಇದೆಂಥ ಹಟ ಎಂದು ವಿಚಾರಿಸಿದರು. ಅಣ್ಣ ಒಲೆಯ ಉರಿ ತಗ್ಗಿಸಿ ಹೇಳಿದರು.

“ಅದಿರ್ಲಿ ಮೇಡಂ. ಬೇರೆ ಪಾತ್ರೆ ಇಟ್ರೆ ಅವಳು ಪೇಷಂಟ್ ಅಲ್ಲ, ನಮ್ಮಕ್ಕ ಆಗ್ಬಿಡ್ತಾಳೆ. ಅಕ್ಕನಿಗೆ ಅಂತ ಒಲೆ ಮುಂದೆ ನಿಂತ್ರೆ ನಂಗೆ ಕಿವಿ ಕೇಳ್ಸಲ್ಲ, ಕೈ ಅಳತೆ ತಪ್ಪುತ್ತೆ.”

ಮೇಟ್ರನ್ ಮೆಟ್ಟಿಲು ಹತ್ತಿದರು. ಇಷ್ಟು ವರ್ಷ ಎಲ್ಲರೂ ನ್ಯಾಯನಿಷ್ಠೆಯೆಂದು ಹೊಗಳಿದ್ದರಲ್ಲಿ ಅರ್ಧಪಾಲು ಬರೀ ಹೆದರಿಕೆಯೆಂದು ಅವರಿಗೆ ಆಗ ತಿಳಿಯಿತು.

ಸೋಂಪು ನಿಂತ ಒಂಬತ್ತನೆಯ ದಿನ ಪಕ್ಕದ ಹಾಸಿಗೆಯ ಮುದುಕಿ, ‘ಯಾರೋ ಅಡುಗೆಯವರ ಅಕ್ಕನಂತೆ, ಅವಳ ದೆಸೆಯಿಂದ ನಮಗೆಲ್ಲ ಈ ಶಿಕ್ಷೆ’ ಎಂದು, ಆಕೆ ಇವರೇ ಎಂದರಿಯದೆ ಆ ಅಕ್ಕನೆದುರೇ ಶಪಿಸಿದಳು. ಅಕ್ಕ ತಮ್ಮನಿಗೆ ಹೇಳಿಕಳಿಸಿದರು. ಅವರು ಬಂದು ವಾರ್ಡಿನ ಬಾಗಿಲಲ್ಲೇ ನಿಂತರು, ತಪ್ಪು ಮಾಡಿ ಸಿಕ್ಕಿಬಿದ್ದ ಹುಡುಗನಂತೆ.

“ನನ್ನೊಬ್ಬಳ ನಾಲಿಗೆಗೋಸ್ಕರ ಇಷ್ಟು ಜನರ ಬಾಯಿ ಕೆಡಿಸಿದ್ಯಲ್ಲೋ. ನಾಳೆಯಿಂದ ಹಾಕು.”

“ಹಾಕಿದ್ರೆ ನೀನು ಕುಡಿಯಲ್ವಲ್ಲಕ್ಕ.”

“ನೀನು ಬಂದು ಎದುರಿಗೆ ಕೂತ್ಕೋ. ಕುಡೀತೀನಿ.”

ಮರುದಿನ ಅವರೇ ಬಟ್ಟಲು ಹಿಡಿದು ಬಂದು ಸ್ಟೂಲಿನ ಮೇಲೆ ಕೂತರು. ಅಕ್ಕ ಎಡಗೈಯಿಂದ ಮೂಗು ಹಿಡಿದು, ಕಣ್ಣು ಮುಚ್ಚಿ, ಒಂದೊಂದೇ ಚಮಚ ನುಂಗಿದರು. ಅರ್ಧ ಬಟ್ಟಲಿಗೆ ಅರ್ಧ ಗಂಟೆ ಹಿಡಿಯಿತು. ಆಕೆಯ ಕಣ್ಣಲ್ಲಿ ನೀರು ಬಂತು, ವಾಸನೆಗೆ ಎಂದರು. ಎದುರು ಕೂತವರ ಕಣ್ಣಲ್ಲೂ ಬಂತು. ಹೇಳಿಕೊಳ್ಳಲು ಅವರಿಗೆ ಆ ನೆಪವೂ ಇರಲಿಲ್ಲ.

ಒಬ್ಬರನ್ನು ಮಿಕ್ಕೆಲ್ಲರಿಗಿಂತ ಹೆಚ್ಚಾಗಿ ಪ್ರೀತಿಸುತ್ತೇನೆಂದು ಒಪ್ಪಿಕೊಳ್ಳಲು ಧೈರ್ಯ ಸಾಲದೆ, ಆ ಪ್ರೀತಿಯನ್ನು ಊರಿಗೆಲ್ಲ ಸಮನಾಗಿ ಬಡಿಸಿಬಿಡುವ ಜನ ಕೆಲವರಿರುತ್ತಾರೆ. ಲೋಕ ಅವರನ್ನು ನಿಷ್ಠುರರೆಂದು ಗೌರವಿಸಿ ದೂರವಿಡುತ್ತದೆ, ಅವರೂ ಆ ದೂರವೇ ಕ್ಷೇಮವೆಂದುಕೊಳ್ಳುತ್ತಾರೆ. ಅಂಥವರಿಂದ ತಮ್ಮ ಪಾಲು ತಮಗೆ ಸಿಗಬೇಕಾದರೆ ಮನೆಯವರೇ ಗದರಿಸಿ ಕರೆದು, ಎದುರಿಗೆ ಕೂರಿಸಿಕೊಂಡು, ಇಷ್ಟವಿಲ್ಲದ್ದನ್ನೂ ಅವರ ಕಣ್ಣಮುಂದೆ ನುಂಗಿ ತೋರಿಸಬೇಕಾಗುತ್ತದೆ.