ಬದನೆಕಾಯಿ ಬಣ್ಣದ ಗಾಡಿ

ಗಾಡಿಯನ್ನು ಟ್ರೇಲರಿಗೆ ಏರಿಸುವ ಮೊದಲು ಗುರುರಾಜ ಅದಕ್ಕೆ ಕುಂಕುಮ ಹಚ್ಚಿದ. ಗಾಲಿಗಳ ಕೆಳಗೆ ನಿಂಬೆಹಣ್ಣು ಇಟ್ಟ. ಡ್ರೈವ್‌ವೇ ಮೇಲೆಯೇ ತೆಂಗಿನಕಾಯಿ ಒಡೆದು, ಒಂದು ಹೋಳನ್ನು ಹೆಂಡತಿಯ ಕೈಗೆ ಕೊಟ್ಟು, “ಛಲೋ ಆಗ್ಲಿ” ಎಂದ.

ತ್ರಿಪುರಸುಂದರಿಯ ಕಣ್ಣು ತುಂಬಿ ಬಂತು. ಐದು ವರ್ಷ ಗ್ಯಾರೇಜಿನ ಬಾಗಿಲ ತನಕ ಬಂದು “ಊಟಕ್ಕ ಬಾ” ಎಂದಷ್ಟೇ ಹೇಳಿ ಹೋಗುತ್ತಿದ್ದ ಮನುಷ್ಯ ಇವತ್ತು ತಾನಾಗಿಯೇ ಪೂಜೆ ಮಾಡಿದ್ದ.

ಅವಳಿಗೆ ಅರವತ್ನಾಲ್ಕು. ಹುಬ್ಬಳ್ಳಿಯಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿ ಕಡಲಾಚೆ ಬಂದವಳು. ಕ್ರ್ಯಾನ್‌ಬರಿಯ ಒಂದು ಔಷಧ ಕಂಪನಿಯಲ್ಲಿ, ಬಾಟಲಿಗೆ ಮಾತ್ರೆ ತುಂಬುವ ಯಂತ್ರಗಳು ನಿಲ್ಲದಂತೆ ನೋಡಿಕೊಳ್ಳುವ ಕೆಲಸದಲ್ಲೇ ತಲೆಗೂದಲು ಬೆಳ್ಳಗಾಗಿ ನಿವೃತ್ತಳಾಗಿದ್ದಳು. ನಿವೃತ್ತಿಯ ಮರುವಾರವೇ ಬ್ರಿಡ್ಜ್‌ವಾಟರಿನ ಮನೆಯ ಗ್ಯಾರೇಜಿನಿಂದ ತನ್ನ ಕಾರನ್ನೂ ಗಂಡನ ಕಾರನ್ನೂ ಹೊರಗೆ ಹಾಕಿದಳು. ಅರವತ್ತರ ದಶಕದ ಒಂದು ಇಂಗ್ಲಿಷ್ ಸ್ಪೋರ್ಟ್ಸ್ ಕಾರಿನ ಪ್ರತಿರೂಪವನ್ನು ಕಟ್ಟಲು ಕೂತಳು. ಇಬ್ಬರೇ ಕೂರುವ, ಮೇಲೆ ಮುಚ್ಚಿಗೆಯಿಲ್ಲದ, ನೆಲಕ್ಕೆ ಅಂಟಿದಂತಿರುವ ಗಾಡಿ. ಚೌಕಟ್ಟು ಮತ್ತು ಫೈಬರ್‌ಗ್ಲಾಸಿನ ಮೈ ಕಿಟ್ ಆಗಿ ಬಂದವು. ಎಂಜಿನ್ನು, ಗೇರುಪೆಟ್ಟಿಗೆ, ಬ್ರೇಕುಗಳನ್ನು ಪಲ್ಟಿಯಾಗಿ ಗುಜರಿ ಸೇರಿದ್ದ ಒಂದು ಜಪಾನಿ ಕಾರಿನಿಂದ ಕಳಚಿ ತಂದಳು. ಬಣ್ಣ ಬದನೆಕಾಯಿಯದು, ಎಣ್ಣೆ ಸವರಿದಂತೆ ಹೊಳೆಯುವ ಗುಂಡು ಬದನೆಕಾಯಿಯದು.

ಪರಿಚಯದವರೆಲ್ಲ ಅದನ್ನು ಟೈಂಪಾಸ್ ಅಂದುಕೊಂಡಿದ್ದರು. ಪೂಜೆಗೋ ಊಟಕ್ಕೋ ಸಿಕ್ಕಾಗ “ಆಂಟಿ, ನಿಮ್ಮ ಪ್ರಾಜೆಕ್ಟ್ ಹೇಗಿದೆ?” ಎಂದು ನಕ್ಕು ಕೇಳಿ, ಉತ್ತರಕ್ಕೆ ಕಾಯದೆ ಪಾಯಸದ ಕಡೆ ಹೋಗುತ್ತಿದ್ದರು. ಕೇಳಿ, ಉತ್ತರಕ್ಕೂ ನಿಲ್ಲುತ್ತಿದ್ದವನು ಪಂಚಾಕ್ಷರಿ ಒಬ್ಬನೇ. ಪಾರ್ಸಿಪನಿಯಲ್ಲಿ ಐಟಿ ಕೆಲಸ, ದೋಣಿ ಎಳೆಯಲೆಂದು ಕೊಂಡ ದೊಡ್ಡ ಪಿಕಪ್ಪು, ಗದಗಿನ ಬಾಯಿ. ಮನೆಯಲ್ಲಿ ಕಟ್ಟಿದ ಗಾಡಿಯನ್ನು ರಾಜ್ಯದ ತಪಾಸಣಾ ಕೇಂದ್ರದವರು ನೋಡಿ ಒಪ್ಪುವ ತನಕ ಅದು ರಸ್ತೆಗೆ ಇಳಿಯುವಂತಿಲ್ಲ. ಹಾಗಾಗಿ ಅದನ್ನು ಎಳೆದುಕೊಂಡು ಹೋಗಲು ಅವನೇ ಆ ದಿನ ರಜೆ ಹಾಕಿ ಬಂದಿದ್ದ.

ಕೇಂದ್ರದ ಕಿಟಕಿಯ ಹಿಂದೆ ಕೂತಿದ್ದ ಹುಡುಗಿ ಹೆಸರು ಟೈಪ್ ಮಾಡಿ, ಪರದೆ ನೋಡಿ, ಇನ್ನೊಮ್ಮೆ ಟೈಪ್ ಮಾಡಿದಳು.

“ಮ್ಯಾಮ್, ನಿಮ್ಮ ಅಪಾಯಿಂಟ್‌ಮೆಂಟ್ ಕಳೆದ ವಾರವೇ ಕ್ಯಾನ್ಸಲ್ ಆಗಿದೆ.”

“ನಾನು ಕ್ಯಾನ್ಸಲ್ ಮಾಡಿಲ್ಲ.”

“ನಿಮ್ಮ ಗಂಡ ಫೋನ್ ಮಾಡಿದ್ದಾರೆ. ಕನ್ಫರ್ಮೇಶನ್ ನಂಬರ್ ಸರಿಯಾಗಿ ಹೇಳಿದ್ದಾರೆ. ನೀವು ಮನಸ್ಸು ಬದಲಾಯಿಸಿದ್ದೀರಿ, ಗಾಡಿ ಮಾರುತ್ತಿದ್ದೀರಿ ಅಂತ ಇಲ್ಲಿದೆ.” ಹುಡುಗಿ ತಲೆ ಎತ್ತಿ ಅವಳ ಮುಖ ನೋಡಿದಳು. ಆಮೇಲೆ ದನಿ ತಗ್ಗಿಸಿ, “ಮುಂದಿನ ತಿಂಗಳು ಮೊದಲ ವಾರ ಒಂದು ಜಾಗ ಖಾಲಿ ಇದೆ, ಕೊಡಲಾ?” ಎಂದಳು.

“ಕೊಡಿ. ಫೋನ್ ನಂಬರ್ ನನ್ನದೊಂದೇ ಇರಲಿ.”

ವಾಪಸು ಬರುವಾಗ ಪಂಚಾಕ್ಷರಿ ರೇಡಿಯೋ ಹಾಕಲಿಲ್ಲ. ಮನೆ ಹತ್ತಿರ ಬಂದಾಗ ಮಾತ್ರ, “ಅಕ್ಕಾರ, ಏನರ ತಪ್ಪು ತಿಳಕೊಂಡಿರಬೇಕು...” ಎಂದು ಶುರು ಮಾಡಿದ.

“ನಂಬರು ಫ್ರಿಜ್ಜಿನ ಮ್ಯಾಲ ಹಚ್ಚಿತ್ತು, ಪಂಚಾಕ್ಷರಿ. ಓದಿ ಹೇಳ್ಯಾರ. ತಪ್ಪು ಎಲ್ಲಿ ಬಂತು?”

ಗುರುರಾಜ ಅಡಿಗೆಮನೆಯಲ್ಲಿ ಅವಲಕ್ಕಿ ಒಗ್ಗರಣೆ ಹಾಕುತ್ತಿದ್ದ. ಬಾಗಿಲ ಸದ್ದಿಗೆ ತಿರುಗದೆಯೇ, “ಏನಾತು? ಲಗೂನ ಬಂದ್ರಲ್ಲ?” ಎಂದ.

“ನೀವ ಹೇಳ್ರಿ.”

ಅವನು ಸೌಟು ಕೆಳಗಿಟ್ಟು ಒಲೆ ಆರಿಸಿದ. “ತನ್ವಿ ಅಂದ್ಳು...” ಎಂದು ಮಗಳ ಹೆಸರು ತೆಗೆದ.

“ತನ್ವಿ ಏನಂದ್ಳು ಅದನ್ನ ಆಕಿನ್ನ ಕೇಳ್ತೀನಿ. ಫೋನ್ ಯಾರು ಮಾಡಿದ್ರು?”

“ನಾನ.”

“ನಿಂಬೆಹಣ್ಣು ಯಾರಿಟ್ರು?”

ಅವನು ಒಲೆಯ ಪಕ್ಕ ಸಿಡಿದಿದ್ದ ಸಾಸಿವೆ ಒರೆಸತೊಡಗಿದ.

“ಕೇಳ್ಲಿಕ್ಹತ್ತೀನಿ. ಅಲ್ಲಿ ಹೋದ್ರ ಒಳಗ ಬಿಡೂದಿಲ್ಲಂತ ಗೊತ್ತಿತ್ತು. ಗೊತ್ತಿದ್ದೂ ಕುಂಕುಮ ಹಚ್ಚಿದ್ರಿ. ಕಾಯಿ ಒಡದ್ರಿ. ಹೋಳು ನನ್ನ ಕೈಯಾಗ ಕೊಟ್ರಿ. ನನ್ನ ಕಣ್ಣಾಗ ನೀರು ಬಂದದ್ದು ನೋಡಿದ್ರಿಲ್ಲೋ?”

“ಹೇಳಬೇಕಂತ ಮಾಡಿದ್ದೆ, ಸುಂದರಿ. ದಿನಾ ಹೇಳಬೇಕಂತ ಅನ್ಕೊಳ್ಳತಿದ್ದೆ. ಬಾಯಿ ಬರಲಿಲ್ಲ.”

“ಕಾಯಿ ಒಡೀಲಿಕ್ಕೆ ಕೈ ಬಂತು.”

ಅವಳು ಕೂಗಲಿಲ್ಲ. ಕೂಗಿದ್ದರೆ ಅವನಿಗೆ ಹಗುರವಾಗುತ್ತಿತ್ತೇನೋ. ಬಾಣಲೆಯನ್ನು ಎತ್ತಿ, ಅವಲಕ್ಕಿಯನ್ನು ಅವನೊಬ್ಬನ ತಟ್ಟೆಗೆ ಪೂರ್ತಿ ಸುರಿದು, ಮೇಲಿನ ಕೋಣೆಗೆ ಹೋದಳು.

ತನ್ವಿ ಸಂಜೆ ಬಂದಳು. ಅಪ್ಪ ಫೋನ್ ಮಾಡಿ ಹೇಳಿದ್ದ. ಅವಳು ಆಸ್ಪತ್ರೆಯ ತುರ್ತು ಚಿಕಿತ್ಸಾ ವಿಭಾಗದ ಡಾಕ್ಟರು. ಪಾರ್ಸಿಪನಿಯ ಅಪಾರ್ಟ್‌ಮೆಂಟಿನಲ್ಲಿ ಒಬ್ಬಳೇ ಇದ್ದಳು. ಡ್ಯೂಟಿಯ ಬಟ್ಟೆಯಲ್ಲೇ ಸೋಫಾದ ಅಂಚಿಗೆ ಕೂತು, ಮೊದಲೇ ಸಿದ್ಧ ಮಾಡಿಕೊಂಡವಳಂತೆ ಮಾತಾಡಿದಳು.

“ಅಮ್ಮಾ, ಪ್ಲೀಸ್ ಲಿಸನ್. ಇಟ್ ಹ್ಯಾಸ್ ನೋ ಏರ್‌ಬ್ಯಾಗ್ಸ್. ನೋ ರೂಫ್. ಮಾರ್ಚ್‌ನಲ್ಲಿ ಟೆಂಪಲ್ ಪಾರ್ಕಿಂಗ್ ಲಾಟ್‌ನಲ್ಲಿ ನೀನು ಇನ್ನೊಬ್ಬರ ಕಾರಿಗೆ ಹಿಟ್ ಮಾಡಿದಿ...”

“ರಿವರ್ಸ್ ತೊಗೊಳ್ಳುವಾಗ ಬಂಪರ್ ತಾಗ್ತು. ಹೌದು. ತಾಗ್ತು. ನಿಮ್ಮಪ್ಪ ಹಿಂದೊಮ್ಮೆ ಇದ ಗ್ಯಾರೇಜಿನ ಬಾಗಿಲಾ ಮುರ್ಕೊಂಡು ಒಳಗ ಹೋಗಿದ್ರಲ್ಲ, ನೆನಪದ ಇಲ್ಲೋ? ಬ್ರೇಕ್ ಅಂತ ಆಕ್ಸಲರೇಟರ್ ಒತ್ತಿದ್ರು. ಅವರ ಕೀ ಯಾರು ಕಸಗೊಂಡ್ರಿ? ಗಂಡಸು ಗುದ್ದಿದ್ರ ಗಾಡಿ ತಪ್ಪು, ಹೆಂಗಸು ಗುದ್ದಿದ್ರ ವಯಸ್ಸಿನ ತಪ್ಪೇನು?”

“ದಟ್ಸ್ ನಾಟ್ ಫೇರ್.”

“ಫೇರ್ ಅಲ್ಲ. ಅದನ್ನ ನಾ ಹೇಳ್ಲಿಕ್ಹತ್ತೀನಿ.”

ತನ್ವಿಯ ದನಿ ಒಡೆಯಿತು. “ಯೂ ಡೋಂಟ್ ಸೀ ವಾಟ್ ಐ ಸೀ! ಟೂ-ಎಯ್ಟಿ-ಸೆವೆನ್ ಹೈವೇಯಿಂದ ನಮಗೆ ಯಾರ‍್ಯಾರನ್ನ ಕರ್ಕೊಂಡು ಬರ್ತಾರೆ ನಿಂಗೊತ್ತಾ? ಒಂದು ದಿನ ಸ್ಟ್ರೆಚರ್ ಮೇಲೆ ನೀನು ಬಂದ್ರೆ? ಐ ವಾಸ್ ಸ್ಕೇರ್ಡ್, ಅಮ್ಮಾ.”

ಅದು ಸುಳ್ಳಲ್ಲವೆಂದು ತ್ರಿಪುರಸುಂದರಿಗೆ ಗೊತ್ತಾಯಿತು. ಮಗಳ ಕಣ್ಣ ಕೆಳಗಿನ ಕಪ್ಪೂ ಕಂಡಿತು. ಆದರೆ ಸಿಟ್ಟು ಜಾಗ ಬಿಡಲಿಲ್ಲ.

“ಅಂಜಿಕಿ ಇದ್ರ ನನ್ನ ಮುಂದ ನಿಂತು ಹೇಳಬೇಕಿತ್ತು. ಅಮ್ಮಾ, ಓಡಿಸಬ್ಯಾಡ ಅಂತ ಕೂಗಾಡಬೇಕಿತ್ತು. ನಾನೂ ಕೂಗಾಡತಿದ್ದೆ. ಅದು ಜಗಳ. ಇದು ಜಗಳ ಅಲ್ಲ. ನಿಮ್ಮ ಆಸ್ಪತ್ರಿಯೊಳಗ ಪೇಷೆಂಟ್ ಎಚ್ಚರ ಇದ್ದಾಗ ಅವರನ್ನ ಕೇಳದ ಏನರ ಮಾಡ್ತೀರೇನು? ನಾ ಎಚ್ಚರಾಗೇ ಇದ್ದೆ, ತನ್ವಿ.”

ತನ್ವಿ ಊಟ ಮಾಡದೆ ಹೋದಳು. ಯಾರೂ ತಡೆಯಲಿಲ್ಲ.

ಆಮೇಲಿನ ದಿನಗಳಲ್ಲಿ ಆ ಮನೆಯಲ್ಲಿ ಮಾತು ಬರೀ ಕೆಲಸಕ್ಕಷ್ಟೇ ಉಳಿಯಿತು. ಹಾಲು ತೀರಿದೆ. ಕಸದ ಡಬ್ಬಿ ಹೊರಗಿಡಬೇಕು. ಗುರುರಾಜ ಎರಡು ಹೊತ್ತೂ ಅಡಿಗೆ ಮಾಡಿದ, ಅವಳಿಗೆ ಸೇರುತ್ತದೆಂದು ಕಡಲೆಹಿಟ್ಟಿನ ಜುಣುಕ ಮಾಡಿದ, ಎಣ್ಣೆಗಾಯಿ ಮಾಡಿದ. ಅವಳು ಉಂಡು, ತನ್ನ ತಟ್ಟೆ ತೊಳೆದಿಟ್ಟು, ಗ್ಯಾರೇಜಿಗೆ ಹೋಗುತ್ತಿದ್ದಳು. ಅಲ್ಲಿಯೂ ಮಾಡುವಂಥ ಕೆಲಸ ಬಾಕಿ ಇರಲಿಲ್ಲ. ಬಿಗಿಯಾಗಿಯೇ ಇದ್ದ ಬೋಲ್ಟುಗಳನ್ನು ಮತ್ತೆ ಮತ್ತೆ ಬಿಗಿದು ನೋಡುತ್ತಿದ್ದಳು. ಒಂದು ಮಧ್ಯಾಹ್ನ ಗಾಡಿಯ ಕೆಳಗೆ ಮಲಗಿದ್ದಾಗಲೇ ಅಳು ಬಂದು, ಕೈಗೆ ಗ್ರೀಸು ಮೆತ್ತಿಕೊಂಡಿದ್ದರಿಂದ ಕಣ್ಣೊರೆಸಿಕೊಳ್ಳಲೂ ಆಗದೆ, ಅದಕ್ಕೂ ಗಂಡನನ್ನೇ ಬೈದಳು.

ಎರಡನೆಯ ಸಲ ಹೊರಟಾಗ ಗುರುರಾಜ ಹೊರಗೆ ಬರಲಿಲ್ಲ. ಕಿಟಕಿಯ ಪರದೆ ಅಲ್ಲಾಡಿದ್ದನ್ನು ಅವಳು ನೋಡಿಯೂ ನೋಡದಂತೆ ಪಿಕಪ್ಪು ಹತ್ತಿದಳು.

ಇನ್‌ಸ್ಪೆಕ್ಟರ್ ನರೆತ ಮೀಸೆಯ ಎತ್ತರದ ಮನುಷ್ಯ. ಗಾಡಿಯ ಸುತ್ತ ಒಂದು ಸುತ್ತು ಬಂದು, “ಯಾರು ಕಟ್ಟಿದ್ದು?” ಎಂದು ಪಂಚಾಕ್ಷರಿಯ ಕಡೆ ನೋಡಿದ.

“ನಾನು,” ಎಂದಳು ತ್ರಿಪುರಸುಂದರಿ.

ಅವನು ಹುಬ್ಬೇರಿಸಲಿಲ್ಲ, ನಗಲಿಲ್ಲ, ವಾವ್ ಎನ್ನಲಿಲ್ಲ. “ಸರಿ, ನೀವೇ ಬನ್ನಿ. ಎಂಜಿನ್ ಯಾವುದರದು?” ಎಂದು ಕೇಳಿ, ಪಂಚಾಕ್ಷರಿಗೆ ಬೆನ್ನು ಹಾಕಿ, ಅವಳೊಂದಿಗೆ ಬಾನೆಟ್ಟಿನೊಳಕ್ಕೆ ಬಗ್ಗಿದ. ಒಂದೊಂದೇ ಭಾಗದ ರಸೀತಿ ನೋಡಿದ. ದೀಪ, ಹಾರ್ನು, ಬೆಲ್ಟು, ವೈಪರು. ಬೆಸುಗೆಯ ಕಡೆ ಟಾರ್ಚು ಹಿಡಿದು, “ಇದು ಒಳ್ಳೆಯ ಕೆಲಸ,” ಎಂದಷ್ಟೇ ಹೇಳಿದ. ಕೊನೆಗೆ ಗಾಡಿಯನ್ನು ಸಣ್ಣ ಇಳಿಜಾರಿನ ಮೇಲೆ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆದು, ನ್ಯೂಟ್ರಲ್‌ಗೆ ಹಾಕಿ ಇಳಿಯಲು ಹೇಳಿದ.

ಅವಳು ಇಳಿದಳು. ಗಾಡಿ ಒಂದು ಕ್ಷಣ ನಿಂತಿತ್ತು. ಆಮೇಲೆ, ನಿದ್ದೆಯಿಂದೆದ್ದ ದನದಂತೆ, ನಿಧಾನವಾಗಿ ಹಿಂದಕ್ಕೆ ಸರಿಯತೊಡಗಿತು. ಇನ್‌ಸ್ಪೆಕ್ಟರ್ ಕೈ ಚಾಚಿ ಲಿವರ್ ಹಿಡಿದು ಎಳೆದ. ಅದು ಪೂರ್ತಿ ಮೇಲೆ ಬಂದರೂ ಗಾಲಿ ಹಿಡಿಯಲಿಲ್ಲ. ಕೊನೆಗೆ ಅವನು ಗಾಡಿಗೇ ಭುಜ ಕೊಟ್ಟು ನಿಲ್ಲಿಸಿದ.

“ಫೇಲ್,” ಎಂದ.

ಪಂಚಾಕ್ಷರಿ ಮುಂದೆ ಬಂದು, “ಸರ್, ಶಿ ಈಸ್ ಸಿಕ್ಸ್ಟಿ ಫೋರ್, ಐದು ವರ್ಷದಿಂದ ಒಬ್ರೇ ಕಷ್ಟಪಟ್ಟು...” ಎಂದು ಇಂಗ್ಲಿಷು ಕನ್ನಡ ಎರಡರಲ್ಲೂ ಬೇಡಿಕೊಳ್ಳತೊಡಗಿದ.

“ಪಂಚಾಕ್ಷರಿ, ಸುಮ್ಮನ ನಿಂದ್ರು!” ಅವಳ ಕೂಗಿಗೆ ಆಚೆ ಸಾಲಿನವರೂ ತಿರುಗಿ ನೋಡಿದರು. “ಬ್ರೇಕ್ ಹಿಡೀಲಿಲ್ಲ. ನನ್ನ ವಯಸ್ಸಿಗೂ ಅದಕ್ಕೂ ಏನು ಸಂಬಂಧ?”

ಗಾಡಿ ಗ್ಯಾರೇಜು ಬಿಟ್ಟು ಓಡಿರಲಿಲ್ಲವಾದ್ದರಿಂದ ಅವಳು ಹ್ಯಾಂಡ್ ಬ್ರೇಕನ್ನು ಸಪಾಟು ನೆಲದ ಮೇಲೆ ಮಾತ್ರ ಪರೀಕ್ಷಿಸಿದ್ದಳು. ಕೇಬಲ್ ಸಡಿಲವಾಗಿತ್ತು. ತಪ್ಪು ಅವಳದೇ. ಮನೆಗೆ ಬರುವ ದಾರಿಯುದ್ದಕ್ಕೂ ತನ್ನನ್ನೇ ಬೈದುಕೊಂಡಳು. ಆದರೆ ಈ ಸಿಟ್ಟು ಬೇರೆ ತರಹದ್ದು. ಎಲ್ಲಿ ಸ್ಪ್ಯಾನರ್ ಹಾಕಬೇಕೆಂದು ಗೊತ್ತಿರುವ ಸಿಟ್ಟು. ಆ ಮೀಸೆಯವನು ತನ್ನನ್ನು ಫೇಲ್ ಮಾಡಲಿಲ್ಲ, ಗಾಡಿಯನ್ನು ಮಾಡಿದ. ಎದುರಿಗೇ ನಿಂತು ಮಾಡಿದ.

ಗ್ಯಾರೇಜಿನ ಬಾಗಿಲಲ್ಲಿ ಗುರುರಾಜ ನಿಂತಿದ್ದ. ಪಂಚಾಕ್ಷರಿಯಿಂದ ವಿಷಯ ಕೇಳಿ, “ಹೋಗ್ಲಿ ಬಿಡು, ಏನ್ಮಾಡೂದು...” ಎಂದ. ಆ ಮಾತಿನೊಳಗೆ ನಿರಾಳದ ಒಂದು ಉಸಿರು ಇತ್ತು. ಅವನಿಗೇ ಗೊತ್ತಾಗಲಿಲ್ಲ, ಅವಳಿಗೆ ಕೇಳಿಸಿತು.

“ಖುಷಿ ಆತೇನು?”

“ಇಲ್ಲ, ಸುಂದರಿ, ಹಂಗಲ್ಲ...”

“ಒಳಗ ಕೂಡ್ರಿ.”

“ಎಲ್ಲಿ?”

“ಗಾಡಿಯೊಳಗ. ಇದು ಒಬ್ಬರಿಂದ ಆಗೂ ಕೆಲಸ ಅಲ್ಲ. ನಾ ಕೆಳಗ ಕೇಬಲ್ ಹಿಡೀತೀನಿ. ನೀವು ನಾ ಹೇಳಿದಾಗ ಲಿವರ್ ಎಳೀರಿ, ಹೇಳಿದಾಗ ಬಿಡ್ರಿ. ನಡುವ ಮಾತು ಬ್ಯಾಡ.”

ಐದು ವರ್ಷಗಳಲ್ಲಿ ಮೊದಲ ಸಲ ಗುರುರಾಜ ಆ ಸೀಟಿನಲ್ಲಿ ಕೂತ. ಹೊಟ್ಟೆ ಸ್ಟಿಯರಿಂಗಿಗೆ ತಾಗುತ್ತಿತ್ತು. ಕೆಳಗಿನಿಂದ “ಎಳೀರಿ” ಎಂದು ಬಂದರೆ ಎಳೆದ, “ಬಿಡ್ರಿ” ಎಂದು ಬಂದರೆ ಬಿಟ್ಟ. ಸುಮಾರು ಹೊತ್ತಿನ ಮೇಲೆ, ಅಪ್ಪಣೆ ಮೀರಿ, “ನನಗ ಅಂಜಿಕಿ ಬಂದಿತ್ತು” ಎಂದ. “ನೀ ಹೋದ್ರ ನಾ ಏನು ಮಾಡ್ಲಿ ಅಂತ.”

ಕೆಳಗೆ ಸ್ಪ್ಯಾನರಿನ ಸದ್ದು ನಿಂತಿತು.

“ಅದನ್ನ ನನಗ ಹೇಳಬೇಕಿತ್ತು. ಆಫೀಸಿನವರಿಗಲ್ಲ,” ಎಂಬ ಮಾತು ಬಂತು. ಹಿಂದೆಯೇ, “ಎಳೀರಿ.”

ಮೂರನೆಯ ಸಲ ಗಾಡಿ ಇಳಿಜಾರಿನ ಮೇಲೆ ಕಲ್ಲಿನಂತೆ ನಿಂತಿತು. ಮೀಸೆಯವನು ಸಹಿ ಹಾಕಿ, “ಮಳೆಯಲ್ಲಿ ಹುಷಾರು” ಎಂದ.

ನಂಬರ್ ಪ್ಲೇಟ್ ಹಾಕಿದ ದಿನ ಅವಳು ಒಬ್ಬಳೇ ಹೊರಟಳು. ಗುರುರಾಜ ಶೂ ಹಾಕಿಕೊಂಡು ಜಗುಲಿಯಲ್ಲಿ ನಿಂತಿದ್ದ. ಅವಳು ಕರೆಯಲಿಲ್ಲ. ಸೀದಾ ಟೂ-ಎಯ್ಟಿ-ಸೆವೆನ್ ಹತ್ತಿ ಪಾರ್ಸಿಪನಿಯ ಕಡೆ ತಿರುಗಿಸಿದಳು. ಎಂಜಿನ್ನು ಹದವಾಗಿ ಹಾಡುತ್ತಿತ್ತು. ಗಾಳಿ ಕಿವಿಯೊಳಕ್ಕೇ ನುಗ್ಗುತ್ತಿತ್ತು. ಮಾರಿಸ್‌ಟೌನ್ ಹತ್ತಿರ ಒಂದು ಟ್ರಕ್ಕು ಪಕ್ಕಕ್ಕೆ ಬಂತು. ಅದರ ಗಾಲಿಯ ನಡುವಿನ ಬೋಲ್ಟುಗಳು ಅವಳ ತಲೆಯ ಮಟ್ಟಕ್ಕಿದ್ದವು. ಗಾಡಿ ಗಾಳಿಯ ಹೊಡೆತಕ್ಕೆ ಪಕ್ಕಕ್ಕೆ ಜರುಗಿತು. ಅಂಗೈ ಬೆವತು ಸ್ಟಿಯರಿಂಗ್ ಜಾರಿತು. ಟ್ರಕ್ಕು ದಾಟಿ ಹೋಗುವ ತನಕ ಅವಳು ಎರಡೂ ಕೈಯಿಂದ ಅದನ್ನು ಅಮುಕಿ ಹಿಡಿದಳು. ಮಗಳು ಹೇಳಿದ್ದರಲ್ಲಿ ತಪ್ಪೇನಿರಲಿಲ್ಲ. ಅದು ಗೊತ್ತಾಗಿ ಅವಳಿಗೆ ಇನ್ನಷ್ಟು ರೇಗಿತು.

ತನ್ವಿ ಅಪಾರ್ಟ್‌ಮೆಂಟಿನಿಂದ ಇಳಿದು ಬಂದು, ಮೊದಲು ಅಮ್ಮನ ಸೀಟ್ ಬೆಲ್ಟನ್ನು ಜಗ್ಗಿ ನೋಡಿದಳು. ಗಟ್ಟಿಯಾಗಿತ್ತು.

“ಐ ಯಾಮ್ ಸ್ಟಿಲ್ ಮ್ಯಾಡ್ ಅಟ್ ಯೂ.”

“ನಾನೂ ಇದ್ದೀನಿ.”

“ಹೈವೇ ಮೇಲೆ ಬಂದ್ಯಾ?”

“ಬಂದೆ. ಅಂಜಿಕಿ ಆತು. ಹೋಗುವಾಗ ಟೂ-ಓ-ಟೂ ಸಣ್ಣ ರಸ್ತೆ ಹಿಡಿದು ಹೋಗ್ತೀನಿ. ನೀ ಹೇಳಿದ್ದಕ್ಕಲ್ಲ.”

“ಮನೆ ಮುಟ್ಟಿದ ಮೇಲೆ ಟೆಕ್ಸ್ಟ್ ಮಾಡು.”

“ಮಾಡ್ತೀನಿ.”

ಬಾ, ಕೂಡು ಎಂದು ಅವಳು ಅನ್ನಲಿಲ್ಲ. ಕೂರುತ್ತೇನೆಂದು ಮಗಳೂ ಅನ್ನಲಿಲ್ಲ. ಆದರೆ ಗಾಡಿ ತಿರುವಿನಲ್ಲಿ ಮರೆಯಾಗುವ ತನಕ ತನ್ವಿ ಪಾರ್ಕಿಂಗ್ ಲಾಟಿನಲ್ಲಿ ನಿಂತೇ ಇದ್ದಳು.

ಬೇಸಿಗೆ ಹಾಗೆಯೇ ಕಳೆಯಿತು. ಗುರುರಾಜ ಒಂದೆರಡು ಸಲ ಕೇಳಿದ. “ನನ್ನ ಯಾವಾಗ ಕರ್ಕೊಂಡು ಹೋಗ್ತೀ?” ಅವಳು “ಸಿಟ್ಟು ಇಳೀಲಿ” ಎನ್ನುತ್ತಿದ್ದಳು. “ಯಾವಾಗ ಇಳೀತದ?” ಎಂದರೆ, “ನನಗೇನು ಗೊತ್ತು, ಇಳಿದಾಗ ಇಳೀತದ.”

ಅಕ್ಟೋಬರಿನ ಒಂದು ಭಾನುವಾರ, ಮರಗಳೆಲ್ಲ ಅರಿಸಿನ ಬಣ್ಣಕ್ಕೆ ತಿರುಗಿದ್ದಾಗ, ಅವಳು ಗಾಡಿ ಹೊರತೆಗೆದು ಎರಡು ಸಲ ಹಾರ್ನ್ ಹೊಡೆದಳು. ಅವನು ಒಲೆ ಆರಿಸಿ, ಮೇಲಿನದನ್ನು ಹಾಗೆಯೇ ಬಿಟ್ಟು, ಜಾಕೆಟ್ಟಿನ ಒಂದೇ ತೋಳು ಹಾಕಿಕೊಂಡು ಓಡಿ ಬಂದ. ಸಿಟ್ಟು ಪೂರ್ತಿ ಇಳಿದಿರಲಿಲ್ಲ. ಚಳಿಗಾಲ ಬಂದರೆ ಗಾಡಿ ಹೊರಗೆ ತೆಗೆಯುವಂತಿರಲಿಲ್ಲ, ಅಷ್ಟೇ.

“ಬೆಲ್ಟ್ ಹಾಕ್ಕೋರಿ,” ಎಂದಳು. “ಮತ್ತ ದಾರಿಯೊಳಗ ನನಗ ಹಂಗ ಹೋಗು ಹಿಂಗ ಹೋಗು ಅಂತ ಹೇಳಿದ್ರ, ಅಲ್ಲೇ ಇಳಿಸಿ ಬರ್ತೀನಿ.”