ಕೊರಳಿಗೆ ಟೇಪು ಸುತ್ತಿಸಿಕೊಂಡ ಮೈಕು

ನಾನು ಒಂದು ಮೈಕು. ಏಟು ತಿಂದೇ ಹುಟ್ಟಿದೆ. 1964ರಲ್ಲಿ, ಸ್ವೀಡನ್ ದೇಶದ ಸ್ಟಾಕ್‌ಹೋಮ್ ಪಟ್ಟಣದಂಚಿನ ಕಾರ್ಖಾನೆಯೊಂದರಲ್ಲಿ ಉಕ್ಕಿನ ತಗಡನ್ನು ಯಂತ್ರದ ಕೆಳಗಿಟ್ಟು ಗುದ್ದಿ ಗುದ್ದಿ ನನ್ನ ಮೈ ಮಾಡಿದರು. ಮುಖಕ್ಕೆ ತಂತಿಯ ಜಾಲರಿ ಬಡಿದರು. ಎದೆಯೊಳಗೆ ಒಂದು ಅಯಸ್ಕಾಂತ ಮತ್ತು ಉಸಿರು ತಾಕಿದರೂ ನಡುಗುವ ತೆಳ್ಳನೆಯ ಪರದೆ ಇಟ್ಟರು. ಕೊರಳಲ್ಲಿ ಒಂದು ಗುಂಡಿ. ಮೇಲೆ ಸರಿಸಿದರೆ ಮಾತು, ಕೆಳಗೆ ಸರಿಸಿದರೆ ಮೌನ. ಈ ಗುಂಡಿಯನ್ನು ಮರೆಯಬೇಡಿ.

ನನ್ನನ್ನು ಕೊಂಡವನು ಟೂರೆ. ಗೋಥೆನ್‌ಬರ್ಗಿನಲ್ಲಿ ಬಾಕ್ಸಿಂಗ್ ಪಂದ್ಯ ನಡೆಸುತ್ತಿದ್ದ ಆಸಾಮಿ. "ಚಚ್ಚು! ಮುಗಿಸು ಅವನನ್ನ!" ಎಂದು ನನ್ನ ಮುಖಕ್ಕೇ ಬಾಯಿಟ್ಟು ಅರಚುತ್ತಿದ್ದ. ಯಾರದೋ ಮೂಗಿನ ರಕ್ತ ನನ್ನ ಜಾಲರಿಗೆ ಸಿಡಿದರೆ ಅಂಗಿಯ ತೋಳಿನಿಂದ ಒರೆಸಿ ಮುಂದಿನ ಜೋಡಿಯನ್ನು ಕರೆಯುತ್ತಿದ್ದ. 1970ರಲ್ಲಿ ಸರ್ಕಾರ ವೃತ್ತಿಪರ ಬಾಕ್ಸಿಂಗನ್ನು ನಿಷೇಧಿಸಿತು. ಕಣದೊಳಗಿನ ಹೊಡೆತಕ್ಕೆ ತಡೆ ಬಿತ್ತು, ಕಣದ ಹೊರಗಿನದನ್ನು ಕೇಳುವವರಿರಲಿಲ್ಲ.

ಟೂರೆ ಪಾಪ್ ಹಾಡಿನ ಕಡೆ ಹೊರಳಿದ. ಲೀಸೆಹಿಲ್ ಎಂಬ ಕಡಲೂರಿನ ಮೀನಿನ ಕಾರ್ಖಾನೆಯಲ್ಲಿ ಹೆರಿಂಗ್ ಮೀನಿನ ಹೊಟ್ಟೆ ಸೀಳುತ್ತ ಹಾಡುತ್ತಿದ್ದ ಗುನ್ವೋರ್ ಎಂಬ ಹತ್ತೊಂಬತ್ತರ ಹುಡುಗಿ ಅವನ ಕಣ್ಣಿಗೆ ಬಿದ್ದಳು. ಅವಳ ಬೆರಳಿನಲ್ಲಿ ಮೀನಿನ ಉಪ್ಪು ಇನ್ನೂ ಇತ್ತು. ಹಾಗೆಯೇ ನನ್ನನ್ನು ಹಿಡಿದು ಒಂದು ಸಾಲು ಹಾಡಿದಳು. ಅಷ್ಟು ವರ್ಷ ಬೈಗುಳವನ್ನಷ್ಟೇ ಕೇಳಿದ್ದ ನನ್ನ ಪರದೆ ಅವತ್ತು ಬೇರೆ ಥರ ನಡುಗಿತು. ನನಗೆ ಅವಳ ಮೇಲೆ ಪ್ರೀತಿ ಹುಟ್ಟಿತು, ಮುಚ್ಚಿಡುವುದೇನು?

ಎರಡೇ ವರ್ಷದಲ್ಲಿ ಅವಳ ಹಾಡು ರೇಡಿಯೋದಲ್ಲಿ ಬಂತು. ಟೂರೆ ಅವಳನ್ನು ಮದುವೆಯಾದ. ಏನು ಹಾಡಬೇಕು, ಏನು ಉಡಬೇಕು, ಯಾರ ಜೊತೆ ನಗಬೇಕು, ಎಲ್ಲ ಅವನದೇ ತೀರ್ಮಾನ. ಮಾತು ಮೀರಿದರೆ ಪಕ್ಕೆಗೆ ಗುದ್ದು. ಬಾಕ್ಸಿಂಗ್ ಕಂಡವನಲ್ಲವೇ? ಫ್ರಾಕು ಮುಚ್ಚುವ ಜಾಗ ಯಾವುದು, ಮುಚ್ಚದ ಜಾಗ ಯಾವುದು ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಮುರಿದ ಪಕ್ಕೆಲುಬಿನಲ್ಲಿ ಅವಳು ಮೇಲಿನ ಸ್ವರಕ್ಕೆ ಏರುವಾಗ ಉಸಿರು ಕಚಕ್ಕನೆ ಸಿಕ್ಕಿಕೊಳ್ಳುತ್ತಿತ್ತು. ಜನ ಅದನ್ನು ಭಾವ ಎಂದು ಚಪ್ಪಾಳೆ ತಟ್ಟುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ನಿಜ ಗೊತ್ತಿದ್ದ ಇನ್ನೊಬ್ಬ ಎವಾಲ್ಡ್, ವೇದಿಕೆಯ ಪಕ್ಕ ಕೂತು ಧ್ವನಿ ಏರಿಸಿ ಇಳಿಸುವ ತಿರುಗುಣಿ ನೋಡಿಕೊಳ್ಳುತ್ತಿದ್ದ ಮುದುಕ. ಕೆಲಸ ಹೋದೀತು ಎಂದು ನಾಲ್ಕು ವರ್ಷ ತಲೆ ತಗ್ಗಿಸಿಯೇ ಕೂತಿದ್ದ.

ಒಮ್ಮೆ ಹಾಡಿನ ನಡುವೆ ಅವಳಿಗೆ ಅಳು ಬಂತು. ಜನಕ್ಕೆ ಬಿಕ್ಕು ಕೇಳಬಾರದೆಂದು ಹೆಬ್ಬೆರಳಿನಿಂದ ನನ್ನ ಗುಂಡಿ ಕೆಳಗೆ ಸರಿಸಿದಳು. ಮೇಲೆ ಸರಿಸಲು ಮರೆತಳು. ಅರ್ಧ ಹಾಡು ಯಾರಿಗೂ ಕೇಳಲಿಲ್ಲ. ಅವತ್ತು ಟೂರೆ ಅವಳನ್ನು ಬೆಲ್ಟಿನಿಂದ ಬಾರಿಸಿದ. ಆಮೇಲೆ ನನ್ನ ಗುಂಡಿಯನ್ನು ಮೇಲೆ ಸರಿಸಿ ಅದರ ಮೇಲೆ ಕಪ್ಪು ಟೇಪನ್ನು ಮೂರು ಸುತ್ತು ಸುತ್ತಿದ.

"ಇನ್ನು ಮುಚ್ಚು ನೋಡೋಣ," ಎಂದ.

ಆ ದೇಶದ ಊರೂರಲ್ಲೂ ಜನರ ಪಾರ್ಕುಗಳಿವೆ. ಬೇಸಿಗೆ ಸಂಜೆ ಅಲ್ಲಿ ಹಲಗೆ ನೆಲದ ಮೇಲೆ ಜೋಡಿ ಕುಣಿತ. ಅವರದೊಂದು ರಿವಾಜಿದೆ: ಕುಣಿಯಲು ಕೈ ಹಿಡಿದವರ ಜೊತೆ ಎರಡು ಹಾಡು ಕುಣಿಯಲೇಬೇಕು. ಮೊದಲನೆಯದು ಮುಗಿದರೆ ಜೋಡಿಗಳು ಕದಲುವುದಿಲ್ಲ, ನಿಂತಲ್ಲೇ ನಿಂತು ಎರಡನೆಯದಕ್ಕೆ ಕಾಯುತ್ತಾರೆ.

1976ರ ಜುಲೈನಲ್ಲಿ ಅಂಥದೊಂದು ಪಾರ್ಕು. ಎಂಟು ಗಂಟೆಯಾದರೂ ಬಿಸಿಲಿತ್ತು. ಗುನ್ವೋರ್ ತಾನೇ ಒಂದು ಹಾಡು ಕಟ್ಟಿದ್ದಳು, ಮೀನು ಸೀಳುವ ಹೆಂಗಸರ ಹಾಡು. ಅದನ್ನು ಹಾಡಕೂಡದೆಂದು ಟೂರೆ ಎರಡು ವರ್ಷದಿಂದ ತಡೆದಿದ್ದ. ಹಾಡದಿದ್ದರೆ ಒಳಗೇ ಸತ್ತುಹೋಗುತ್ತೇನೆ ಎಂದು ಅವಳು ಎವಾಲ್ಡ್‌ನ ಹತ್ತಿರ ಹೇಳಿದ್ದನ್ನು ನಾನು ಕೇಳಿದ್ದೆ. ಅವತ್ತು ಮೊದಲ ಹಾಡಾಗಿ ಅದನ್ನೇ ಹಾಡಿಬಿಟ್ಟಳು. ಮುಗಿಯಿತು. ಎರಡು ಸಾವಿರ ಜನ ಕೈಕೈ ಹಿಡಿದು ಕಾಯುತ್ತ ನಿಂತರು.

ಟೂರೆ ಅವಳ ತೋಳು ಹಿಡಿದು ವೇದಿಕೆಯ ಪರದೆಯ ಹಿಂದಕ್ಕೆ ಎಳೆದ. ನಾನು ಅವಳ ಮುಷ್ಟಿಯಲ್ಲೇ ಇದ್ದೆ, ನನ್ನ ಉದ್ದನೆಯ ವೈರು ಹಿಂದೆಯೇ ಎಳೆದುಕೊಂಡು ಬಂತು.

"ಯಾರನ್ನ ಕೇಳಿ ಹಾಡ್ದೆ?"

"ನನ್ನ ಹಾಡು. ನಾನೇ ಕಟ್ಟಿದ್ದು."

"ಮೀನು ನಾರೋ ಕೈಗೆ ಬಂಗಾರದ ಬಳೆ ಹಾಕಿದವನು ನಾನು ಕಣೇ! ಹೊರಗೆ ಕುಣೀತಿರೋ ಆ ದನಗಳಿಗೆ ನಿನ್ನ ಹಾಡು ಯಾಕೆ?"

"ಇವತ್ತು ಹೊಡೆದ್ರೂ ಹಾಡ್ತೀನಿ. ಪಕ್ಕೆ ಮುರಿದಾಗ್ಲೂ ಹಾಡಿಲ್ವಾ?"

ಟೂರೆ ನನ್ನನ್ನು ಅವಳ ಕೈಯಿಂದ ಕಿತ್ತುಕೊಂಡ. ಮುಚ್ಚದ ಜಾಗ, ಮುಚ್ಚುವ ಜಾಗ ಎಲ್ಲ ಮರೆತ. ನನ್ನಿಂದಲೇ ಅವಳ ಬಾಯಿಗೆ ಬಾರಿಸಿದ. ಮುಂದಿನ ಹಲ್ಲು ಲಟಕ್ಕೆಂದಿತು, ನನ್ನ ಜಾಲರಿ ತಗ್ಗಾಯಿತು. ಬೆಚ್ಚನೆಯ ರಕ್ತ ನನ್ನ ಎದೆಗಿಳಿಯಿತು. ಆ ಕ್ಷಣ ಮತ್ತೆ ಕುಲುಮೆಗೆ ಬಿದ್ದು ಕರಗಿಹೋಗಬೇಕು ಅನ್ನಿಸಿತು.

ಆದರೆ ಟೂರೆ ತಾನೇ ಸುತ್ತಿದ ಟೇಪನ್ನು ಮರೆತಿದ್ದ. ಅವನ ಒಂದೊಂದು ಮಾತೂ, ಆ ಏಟಿನ ಸದ್ದೂ ಪಾರ್ಕಿನ ನಾಲ್ಕು ಮೂಲೆಯ ಧ್ವನಿವರ್ಧಕಗಳಲ್ಲಿ ಮೊಳಗುತ್ತಿತ್ತು. ಎವಾಲ್ಡ್ ಮನಸ್ಸು ಮಾಡಿದ್ದರೆ ತಿರುಗುಣಿ ಇಳಿಸಬಹುದಿತ್ತು. ಅವನು ಪೂರ್ತಿ ಏರಿಸಿದ್ದ.

ಮಾಡಿದ್ದುಣ್ಣೋ ಮಹಾರಾಯ! ಮೊದಲು ನುಗ್ಗಿದವಳು ಚಪ್ಪಲಿ ಕೈಗೆ ತೆಗೆದುಕೊಂಡ ಒಬ್ಬ ದಪ್ಪನೆಯ ಹೆಂಗಸು. ಹಿಂದೆ ಅವಳ ಜೋಡಿಯ ಲಾರಿ ಡ್ರೈವರ್, ಅವನ ಹಿಂದೆ ಹತ್ತಾರು ಜನ. ವೇದಿಕೆಯ ಪರದೆ ಹರಿಯಿತು. ಟೂರೆಯ ಮೂಗು ಒಡೆಯಿತು, ಕೈ ತಿರುಚಿಕೊಂಡಿತು. ಕೆಳಗೆ ಬಿದ್ದವನ ಎದೆಯ ಮೇಲೆ ಡ್ರೈವರ್ ಕೂತು ಗುದ್ದುತ್ತಿದ್ದ. "ಚಚ್ಚು! ಮುಗಿಸು ಅವನನ್ನ!" ಎಂದು ಯಾರೋ ಕೂಗಿದರು. ಎಷ್ಟೋ ವರ್ಷ ನನ್ನೊಳಗಿಂದ ಹೋದ ಮಾತು. ಸತ್ಯ ಹೇಳುತ್ತೇನೆ, ನನಗೆ ಖುಷಿಯಾಯಿತು.

ಗುನ್ವೋರಳಿಗೆ ಖುಷಿಯಾಗಲಿಲ್ಲ. ಅವಳು ರಕ್ತ ಉಗಿದು ನನ್ನನ್ನು ನೆಲದಿಂದ ಎತ್ತಿಕೊಂಡಳು.

"ಸಾಕು, ಬಿಡಿ ಅವನನ್ನ. ಪೊಲೀಸರು ಬರ್ತಾರೆ, ನೋಡ್ಕೋತಾರೆ. ನಿಮಗೆ ಎರಡನೇ ಹಾಡು ಬಾಕಿ ಇದೆ."

ಡ್ರೈವರನ ಮುಷ್ಟಿ ಎತ್ತಿದ್ದು ಹಾಗೇ ನಿಂತಿತು. ಅವನು ಎದ್ದು, ಆ ದಪ್ಪನೆಯ ಹೆಂಗಸಿನ ಕೈ ಹಿಡಿದು ಹಲಗೆ ನೆಲಕ್ಕೆ ಹೋಗಿ ನಿಂತ. ಒಬ್ಬೊಬ್ಬರಾಗಿ ಎಲ್ಲರೂ ಹೋದರು. ಗುನ್ವೋರ್ ಮೀನಿನ ಹೆಂಗಸರ ಹಾಡನ್ನೇ ಮತ್ತೊಮ್ಮೆ ಹಾಡಿದಳು. ಮುರಿದ ಹಲ್ಲಿನ ಸಂದಿಯಿಂದ ಗಾಳಿ ನುಗ್ಗಿ ಮಾತುಗಳು ಸಿಳ್ಳೆ ಹಾಕುತ್ತಿದ್ದವು. ಯಾರೂ ಸರಿಯಾಗಿ ಕುಣಿಯಲಿಲ್ಲ, ಅಳುತ್ತ ಓಲಾಡಿದರು.

ಟೂರೆ ಜೈಲಿಗೆ ಹೋದ. ಜಗಳಗಂಟಿ ಎಂದು ಕೆಲವು ಪಾರ್ಕುಗಳವರು ಅವಳನ್ನು ಎರಡು ವರ್ಷ ಕರೆಯಲಿಲ್ಲ. ಆಮೇಲೆ ಆ ಹಾಡು ರೆಕಾರ್ಡಾಗಿ ಮನೆಮನೆಗೆ ಹೋಯಿತು, ಅವರೇ ಓಡಿ ಬಂದರು. ಅವಳು ಬಂಗಾರದ ಹಲ್ಲು ಕಟ್ಟಿಸಿಕೊಂಡು ಇಪ್ಪತ್ತೆಂಟು ವರ್ಷ ನನ್ನಲ್ಲೇ ಹಾಡಿದಳು. ಎವಾಲ್ಡ್ ತೀರಿಕೊಂಡ. ನನ್ನ ಪರದೆಯೂ ಸುಕ್ಕಾಯಿತು. ಒಂದು ದಿನ ಸದ್ದೇ ಹೊರಡಲಿಲ್ಲ.

ಈಗ ನಾನಿರುವುದು ಲೀಸೆಹಿಲ್‌ನ ಒಂದು ಪುಟ್ಟ ವಸ್ತುಸಂಗ್ರಹಾಲಯದಲ್ಲಿ. ಗುನ್ವೋರ್ ತಾನೇ ಕೋಲೂರಿಕೊಂಡು ತಂದುಕೊಟ್ಟಳು. ಅಲ್ಲಿನ ಹುಡುಗಿ ನನ್ನನ್ನು ತಿರುಗಿಸಿ ನೋಡಿದಳು. ಟೇಪು ಎಂದೋ ಉದುರಿ ಅದರ ಅಂಟು ಮಾತ್ರ ಕೊರಳಲ್ಲಿ ಕಪ್ಪಗೆ ಉಳಿದಿತ್ತು.

"ಈ ತಗ್ಗು ಎತ್ತಿಸ್ತೀವಿ. ಕೊಳೆಯನ್ನೂ ಉಜ್ಜಿ ತೆಗೀಲಾ?" ಎಂದಳು.

ಗುನ್ವೋರ್ ನಕ್ಕಳು. ಬಂಗಾರದ ಹಲ್ಲು ಕಂಡಿತು.

"ತಗ್ಗು ಬೇಕಾದ್ರೆ ಎತ್ಸಮ್ಮಾ. ಅಂಟು ಮಾತ್ರ ಮುಟ್ಬೇಡ."

ಈಗ ನನ್ನ ಮುಖ ನುಣ್ಣಗಿದೆ. ಅವಳ ಹಲ್ಲು ಮುರಿದದ್ದು ನಾನೇ ಎಂಬುದಕ್ಕೆ ಗುರುತೇ ಇಲ್ಲ, ಆದರೂ ನಾನು ಮರೆತಿಲ್ಲ. ನನ್ನ ಗುಂಡಿ ಇವತ್ತಿಗೂ ಮೇಲಕ್ಕೇ ಇದೆ. ಅಂಟು ಅದನ್ನು ಇಳಿಯಲು ಬಿಡುವುದಿಲ್ಲ.