ಮೊದಲ ಬೀಜ ಇಡುವ ಕೈ

ನನ್ನ ತಮ್ಮ ಫಿದೆಲ್‌ನ ಹೆಂಡತಿ ಪ್ಲಾಸಿದಾಳ ಕೈಗುಣವನ್ನು ಯಾರಾದರೂ ಹೊಗಳಿದರೆ ನನಗೆ ಹೊಟ್ಟೆ ಉರಿಯುತ್ತಿತ್ತು. ಮುಚ್ಚಿಟ್ಟು ಏನಾಗಬೇಕಿದೆ? ನನಗೀಗ ಅರವತ್ತೆಂಟು. ಉರಿಯುತ್ತಿತ್ತು, ಅಷ್ಟೇ.

ನಮ್ಮ ಬೆಟ್ಟದೂರು ಕೋಚಾಪಾತದಲ್ಲಿ ಗಂಡಸರು ಕಾಲಿನಿಂದ ಒತ್ತುವ ಗುದ್ದಲಿ ಹಿಡಿದು ಮಣ್ಣು ಎಬ್ಬಿಸುತ್ತಾರೆ, ಬೀಜದ ಆಲೂಗೆಡ್ಡೆ ಇಡುವವರು ಹೆಂಗಸರು. ಗಂಡಸರು ಇಟ್ಟ ಬೀಜವನ್ನು ಭೂಮಿತಾಯಿ ಒಪ್ಪುವುದಿಲ್ಲ. ಅದರಲ್ಲೂ ಹೊಲದ ಮೊದಲ ಬೀಜ ಒಳ್ಳೆಯ ಕೈಗುಣದವಳೇ ಇಡಬೇಕು. ನಲವತ್ತು ವರ್ಷ ಎಲ್ಲರ ಹೊಲದಲ್ಲೂ ಮೊದಲ ಬೀಜ ಇಟ್ಟವಳು ನನ್ನ ಅಮ್ಮ ಬೆನಿತಾ. ಅವಳು ಹೋದ ಮೇಲೆ ಮಗಳನ್ನೇ ಕರೆಯುತ್ತಾರೆಂದು ನಾನು ಬಿತ್ತನೆಯ ದಿನ ಹಾಕಲು ಹೊಸ ಟೋಪಿ ತಂದಿಟ್ಟುಕೊಂಡು ಕೂತಿದ್ದೆ. ಕರೆದದ್ದು ಪ್ಲಾಸಿದಾಳನ್ನು. ನದಿಯಾಚೆಯ ಹಳ್ಳಿಯಿಂದ ಸೊಸೆಯಾಗಿ ಬಂದವಳನ್ನು! ಅವಳು ಕೈಯಿಟ್ಟ ಸಾಲಿನಲ್ಲಿ ಒಂದು ಗಿಡವೂ ತಪ್ಪುವುದಿಲ್ಲವಂತೆ. ಮುಸುಕಿನ ಜೋಳದ ಹೆಂಡದ ಮೊದಲ ಲೋಟ ಅವಳಿಗೆ, ಕೊಯ್ಲಿನ ದಿನ ಮೊದಲ ತಟ್ಟೆ ಅವಳಿಗೆ. ನಾನು ಮೂಲೆಯಲ್ಲಿ ಕೂತು ಗೆಡ್ಡೆ ಸುಲಿಯುತ್ತ, ನಗುವವರ ಜೊತೆ ಹಲ್ಲು ಕಿರಿಯುತ್ತಿದ್ದೆ.

ನಮ್ಮೂರು ಹಳೆಯದೇನಲ್ಲ. ಧಣಿಯ ಎಸ್ಟೇಟು ಒಡೆದು ಜಮೀನು ಹಂಚಿದ ವರ್ಷ ಹನ್ನೊಂದು ಸಂಸಾರಗಳು ಲಂಗದ ಮಡಿಲಲ್ಲಿ ಬೀಜ ಕಟ್ಟಿಕೊಂಡು ಈ ಬೆಟ್ಟಕ್ಕೆ ಹತ್ತಿ ಬಂದವು. ಎರಡನೇ ವರ್ಷವೇ ಹಿಮ ಕವಿದು ಏಳು ಮನೆಗಳ ಬೀಜ ಹಾಳಾಯಿತು. ಉಳಿದ ನಾಲ್ಕು ಮನೆಯವರು ತಮ್ಮದನ್ನು ಹಂಚಿದ್ದರಿಂದ ಊರು ಉಳಿಯಿತು. ಅಂದಿನಿಂದ ಒಂದು ಕಟ್ಟಳೆ ಇದೆ: ಬೀಜ ಕೇಳಿ ಬಂದವರಿಗೆ ಇಲ್ಲ ಎನ್ನಬಾರದು. ಜಗಳ ಆಡಬಹುದು, ಮಾತು ಬಿಡಬಹುದು, ನಾಯಿ ಛೂ ಬಿಡಬಹುದು. ಬೀಜ ಮಾತ್ರ ಕೊಡಲೇಬೇಕು.

ಮೂರು ವರ್ಷದ ಹಿಂದೆ ಪ್ಲಾಸಿದಾ ಆ ಕಟ್ಟಳೆ ಹಿಡಿದುಕೊಂಡೇ ನನ್ನ ಬಾಗಿಲಿಗೆ ಬಂದಳು. ಅವಳು ಕೇಳಿದ್ದು ಅಮ್ಮನ ಮೋಡಗೆಡ್ಡೆಯನ್ನು. ಕುಯ್ದರೆ ಒಳಗೆ ನೇರಳೆ ಬಣ್ಣದಲ್ಲಿ ಬಿಳಿ ಮೋಡ ತೇಲಿದ ಹಾಗೆ ಕಾಣುವ, ಸೊಟ್ಟಪಟ್ಟ ಆಲೂಗೆಡ್ಡೆ ಅದು. ಪೇಟೆಯ ಲಾರಿಯವರಿಗೆ ಬೇಕಾದದ್ದು ದಪ್ಪ ಬಿಳಿ ಗೆಡ್ಡೆ, ಹಾಗಾಗಿ ಒಬ್ಬೊಬ್ಬರಾಗಿ ಎಲ್ಲರೂ ಇದನ್ನು ಕೈಬಿಟ್ಟಿದ್ದರು.

"ಅತ್ತಿಗೆ, ಈಗ ಅದು ನಿಮ್ಮನೇಲಿ ಮಾತ್ರ ಉಳಿದಿರೋದು. ಒಂದೇ ಮನೇಲಿ ಇದ್ರೆ ಹೇಗೆ? ನಂಗೂ ಒಂದು ಹನ್ನೆರಡು ಕೊಡಿ" ಎಂದಳು.

ಅಮ್ಮನ ಜಾಗ ಹೋಯಿತು, ಈಗ ಅಮ್ಮನ ಗೆಡ್ಡೆಯೂ ಬೇಕೇ ಇವಳಿಗೆ ಎಂದು ನನ್ನ ಮೈಯೆಲ್ಲ ಉರಿದುಹೋಯಿತು. ನಾಳೆ ಬಾ ಎಂದು ಕಳಿಸಿದೆ. ಒಲೆಯ ಮೇಲೆ ನೀರು ಕಾಯಿಸಿ, ಹನ್ನೆರಡು ಗೆಡ್ಡೆಗಳನ್ನೂ ಒಂದೊಂದಾಗಿ ಅದ್ದಿ ತೆಗೆದೆ. ಬೇಯುವಷ್ಟಲ್ಲ, ಮೊಳಕೆಯೊಡೆಯುವ ಕಣ್ಣು ಸಾಯುವಷ್ಟು. ನೆರಳಲ್ಲಿ ಆರಿಸಿ, ಮೇಲೆ ಮಣ್ಣು ಸವರಿದೆ. ಮಾರನೆಯ ದಿನ ಅವಳು ಶಾಲು ಹಾಸಿ, ಎರಡೂ ಕೈ ಒಡ್ಡಿ ಇಸಿದುಕೊಂಡಳು. ಭೂಮಿತಾಯಿಗೆಂದು ಹೆಂಡದ ನಾಲ್ಕು ಹನಿ ಚೆಲ್ಲಿ, ನನ್ನ ಕೆನ್ನೆಗೆ ಕೆನ್ನೆ ತಾಗಿಸಿ ಹೋದಳು.

ಅವಳ ಹೊಲ ಆಚೆ ಇಳಿಜಾರಿನಲ್ಲಿದೆ. ನಾನು ಆ ಕಡೆ ಹೋಗಲಿಲ್ಲ, ಅವಳೂ ಏನೂ ಹೇಳಲಿಲ್ಲ. ಮುಂದಿನ ಬಿತ್ತನೆಗೆ ಜನ ಕರೆಯಲು ಹೋದರೆ ಸೊಂಟ ನೋವು, ಬರಲಾರೆ ಎಂದಳಂತೆ. ಆಗ ನನ್ನನ್ನು ಕರೆದರು. ಹೊಸ ಟೋಪಿ ಹೊರಬಂತು. ಎರಡು ವರ್ಷ ಊರಿನ ಮೊದಲ ಬೀಜವನ್ನೆಲ್ಲ ನಾನೇ ಇಟ್ಟೆ. ಸೊಂಟ ನೋವೆಂಬುದನ್ನು ನಂಬಿದೆ. ನಂಬುವುದು ಸುಖವಾಗಿತ್ತು.

ಈ ವರ್ಷ ನನ್ನ ಬೀಜದ ರಾಶಿಗೆ ಹುಳ ಬಿತ್ತು. ಹುಲ್ಲು ಸರಿಸಿ ನೋಡಿದರೆ ಮೋಡಗೆಡ್ಡೆಯೆಲ್ಲ ಕೊಳೆತು ನೀರಾಗಿತ್ತು. ಕೈ ಹಾಕಿ ತಡಕಿದೆ, ಗಟ್ಟಿಯಾದದ್ದು ಒಂದೂ ಸಿಗಲಿಲ್ಲ. ಅವಳಿಗೆ ಕೊಟ್ಟ ಹನ್ನೆರಡರಲ್ಲಿ ಒಂದಕ್ಕಾದರೂ ಬಿಸಿ ಸರಿಯಾಗಿ ತಾಗದೆ ಮೊಳೆತಿರಬಹುದಲ್ಲ? ಆ ಒಂದೇ ಆಸೆ ಹಿಡಿದು ಪ್ಲಾಸಿದಾಳ ಮನೆಗೆ ಓಡಿದೆ.

ಅವಳು ಅಂಗಳದಲ್ಲಿ ಉಣ್ಣೆ ನೂಲುತ್ತಿದ್ದಳು. ಬೀಜ ಬೇಕಿತ್ತು, ಮೋಡಗೆಡ್ಡೆ ಎಂದೆ. ಅವಳ ಕೈ ನಿಂತಿತು.

"ಒಂದೂ ಹುಟ್ಟಲಿಲ್ಲ ಅತ್ತಿಗೆ" ಎಂದಳು. "ನಂದೇ ಕೈ ಕೆಟ್ಟಿದೆ. ಅತ್ತೆ ಬೀಜಾನೇ ನನ್ನ ಕೈಲಿ ಸತ್ತ ಮೇಲೆ ಬೇರೆಯವರ ಹೊಲದಲ್ಲಿ ಯಾವ ಮುಖ ಇಟ್ಕೊಂಡು ಬೀಜ ಇಡಲಿ? ಸೊಂಟ ನೋವು ಅಂತ ಸುಳ್ಳು ಹೇಳಿದೆ. ನಮ್ಮ ಹೊಲದಲ್ಲೂ ಈಗ ನಾನು ಬೀಜ ಮುಟ್ಟಲ್ಲ, ಮಗಳೇ ಇಡ್ತಾಳೆ."

ನನ್ನ ಬೀಜವೂ ಹೋಯಿತೆಂದು ನನ್ನ ಮುಖ ನೋಡಿಯೇ ಅವಳಿಗೆ ತಿಳಿಯಿತು. ನೂಲು ಬಿಸಾಡಿ ನನ್ನ ಎರಡೂ ಕೈ ಹಿಡಿದುಕೊಂಡಳು.

"ನಂಬಿ ಕೊಟ್ಟಿದ್ರಿ. ನಾನು ಉಳಿಸಿಕೊಂಡಿದ್ರೆ ಇವತ್ತು ಹಿಂದೆ ಕೊಡ್ತಿದ್ದೆ. ನನ್ನ ಕ್ಷಮಿಸಿಬಿಡಿ ಅತ್ತಿಗೆ."

ಹೇಳಬೇಕಿತ್ತು. ನೀರು ಕಾಯಿಸಿದ್ದು ನಾನು, ನಿನ್ನ ಕೈ ಚೆನ್ನಾಗಿಯೇ ಇದೆ ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಮುಂದಿನ ವಾರ ಬಿತ್ತನೆ. ಹೇಳಿದರೆ ಮೊದಲ ಬೀಜದ ಕರೆ ಮತ್ತೆ ಅವಳ ಮನೆಗೆ ಹೋಗುತ್ತದೆ.

"ಹೋಗಲಿ ಬಿಡು, ಕ್ಷಮಿಸಿದ್ದೀನಿ" ಎಂದೆ.

ಅವಳು ನನ್ನ ಭುಜದ ಮೇಲೆ ತಲೆಯಿಟ್ಟು ಮಕ್ಕಳ ಹಾಗೆ ಬಿಕ್ಕಿ ಬಿಕ್ಕಿ ಅತ್ತಳು. ಅತ್ತು ಹಗುರಾದಳು, ಮುಖ ಒರೆಸಿಕೊಂಡು ನಕ್ಕಳು ಕೂಡ. ನಾನು ಅವಳ ಬೆನ್ನು ಸವರುತ್ತ ನಿಂತಿದ್ದೆ. ಇಷ್ಟು ಸಲೀಸಾಗಿ ಅಳುವ ಭಾಗ್ಯವೂ ಇವಳಿಗೇ ಬಂತಲ್ಲ ಎಂದು ನನಗೆ ಮತ್ತೆ ಹೊಟ್ಟೆ ಉರಿಯಿತು.